ಟ್ಯಾಂಕಿನೊಳಗೊಂದು ಹೊರೆ ಕಬ್ಬು

ಈ ಸಲದ ಮಳೆಗಾಲದಲ್ಲಿ ಅಪ್ಪನ ಕಣ್ಣಿನ ಪೊರೆ ಆಪರೇಷನ್ ಇತ್ತು. ಐದು ವಾರ ಊರಲ್ಲೇ ಉಳಿದೆ. ಅಥಣಿಯಿಂದ ರಾತ್ರಿ ಬಸ್ಸು ಹತ್ತಿ ಪುಣೆಗೆ ಬಂದಿಳಿದಾಗ ಬೆಳಗಿನ ಆರೂವರೆ, ಒಂಬತ್ತಕ್ಕೆ ಆಫೀಸು. ಗಡಿಬಿಡಿಯಲ್ಲಿ ಸ್ನಾನ ಮುಗಿಸಿ, ಹೆಲ್ಮೆಟ್ ಹಿಡಿದು ಕೆಳಗೆ ಬಂದೆ. ಸೊಸೈಟಿಯ ಕಂಪೌಂಡ್ ಗೋಡೆಯ ಪಕ್ಕ, ತಗಡಿನ ಶೆಡ್ಡಿನಿಂದ ಅರ್ಧ ಹೊರಗೆ ನಿಂತಿದ್ದ ನನ್ನ ಬೈಕು ಐದು ವಾರದ ಮಳೆಯಲ್ಲಿ ತೊಯ್ದು ಪಾಪ ಅನಿಸುವ ಹಾಗಿತ್ತು. ಸೀಟು ಒರೆಸಿದೆ, ಚೋಕ್ ಎಳೆದೆ, ಕಿಕ್ ಹೊಡೆದೆ. ಹತ್ತು, ಇಪ್ಪತ್ತು, ಮೂವತ್ತು. ಒಂದು ಸಲ ಕೆಮ್ಮಿತು. ಆಮೇಲೆ ಅದೂ ಇಲ್ಲ. ನನ್ನ ಅಂಗಿ ಮಾತ್ರ ಬೆವರಿನಿಂದ ಒದ್ದೆಯಾಯಿತು.

ಇದು ನೂರು ಸಿಸಿಯ ಹಳೇ ಬೈಕು. 2008ರಲ್ಲಿ ಕಬ್ಬಿನ ಬಿಲ್ಲು ಬಂದಾಗ ಅಪ್ಪ ತೆಗೆದುಕೊಂಡದ್ದು. ನಾನು ಕೆಲಸಕ್ಕೆಂದು ಪುಣೆಗೆ ಬಂದಾಗ ನನ್ನ ಜೊತೆ ಅದೂ ಬಂತು. ನಂಬರ್ ಪ್ಲೇಟು ಬದಲಾಗಿ ಎಂಎಚ್ 12 ಆಯಿತು, ಸ್ವಭಾವ ಮಾತ್ರ ನಮ್ಮೂರಿನದೇ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ.

ನಮ್ಮ ಗಲ್ಲಿಯ ತುದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಕಾಕಾ ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದರೆ ಹಿಂದಿ. ಅಲ್ಲಿಯವರೆಗೆ ಗಾಡಿ ತಳ್ಳಿಕೊಂಡು ಹೋದೆ. ಅವರು ಪ್ಲಗ್ ಬಿಚ್ಚುವ ಗೋಜಿಗೇ ಹೋಗಲಿಲ್ಲ. ನೇರವಾಗಿ ಕಾರ್ಬುರೇಟರ್ ಪಕ್ಕ ಕೂತು, ಬೌಲಿನ ಸ್ಕ್ರೂ ಸಡಿಲಿಸಿ, ಕೆಳಗೆ ನೀರಿನ ಖಾಲಿ ಬಾಟಲಿ ಹಿಡಿದರು. ಆಮೇಲೆ ಟ್ಯಾಂಕಿನ ಪೈಪು ಕಿತ್ತು ಅದರಿಂದಲೂ ಸ್ವಲ್ಪ ಹಿಡಿದು, ಬಾಟಲಿಯನ್ನು ಬೆಳಕಿಗೆ ಎತ್ತಿ ತೋರಿಸಿದರು. ಒಳಗೆ ಎರಡು ಪದರ. ಮೇಲೆ ಪೆಟ್ರೋಲಿನ ಬಣ್ಣ, ಕೆಳಗೆ ಮಜ್ಜಿಗೆಯ ತಿಳಿಯಂಥ ಮಬ್ಬು, ತಳದಲ್ಲಿ ತುಕ್ಕಿನ ಪುಡಿ.

"ನೋಡ್ರಿ, ಕೆಳಗ ಕುಂತದ್ದು ಎಥೆನಾಲು. ನೀರು ಕುಡದು ಕುಂತೈತಿ."

"ನೀರು ಎಲ್ಲಿಂದ ಬಂತು ಕಾಕಾ?"

ಟ್ಯಾಂಕಿನ ಮುಚ್ಚಳ ತೆಗೆದು ತಿರುವಿ ತೋರಿಸಿದರು. ಒಳಗಿನ ರಬ್ಬರ್ ವಾಷರ್ ಒಣಗಿ ಸೀಳಿತ್ತು. "ಮಳಿ ನೀರು ಒಳಗ ಇಳದೈತಿ. ಇದು ನಿಮ್ ತಪ್ಪು. ಆದ್ರ ಮೊದಲಾಗಿದ್ರ ಇಷ್ಟ ನೀರಿಗೆ ಗಾಡಿ ನಿಲ್ತಿರಲಿಲ್ಲ. ಈಗ ನಿಲ್ತೈತಿ."

ಟ್ಯಾಂಕು ತೊಳೆದು, ಕಾರ್ಬುರೇಟರ್ ಕ್ಲೀನ್ ಮಾಡಿ, ಪೈಪು, ಓ-ರಿಂಗು, ವಾಷರ್ ಬದಲಿಸಿದ್ದಕ್ಕೆ ಒಂಬೈನೂರು ರೂಪಾಯಿ. ಚೆಲ್ಲಿದ ಪೆಟ್ರೋಲಿನ ಲೆಕ್ಕ ಬೇರೆ.

ಸಂಜೆ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ: "ನಿಮ್ಮ ಕಬ್ಬಿನ ಹಾಲು ಕುಡದು ಗಾಡಿ ಅಡ್ಡ ಬಿದ್ದಿತ್ತು ನೋಡ್ರಿ." ಅಪ್ಪ ನಗಲಿಲ್ಲ. "ಹಂಗ ಅನಬ್ಯಾಡ. ನೀ ಅಲ್ಲಿ ಪೆಟ್ರೋಲ್ ಹಾಕ್ಸಿದ್ರ ಇಲ್ಲಿ ನನ್ ಬಿಲ್ಲು ಬರ್ತೈತಿ" ಅಂದರು.

ಕಾಕಾನ ಮಾತೂ ಸರಿ, ಅಪ್ಪನ ಮಾತೂ ಸರಿ. ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡವನು ನಾನೊಬ್ಬನೇ ಇರಲಾರೆ. ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಬೈಕು ಓಡಿಸುತ್ತ, ಊರಲ್ಲಿ ಕಬ್ಬೋ ಮೆಕ್ಕೆಜೋಳವೋ ಬೆಳೆಯುವ ಮನೆಗಳವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ಈ ತಿಂಗಳು ಇದನ್ನೇ ಬರೆಯುತ್ತಿದ್ದೇನೆ.

ಎಥೆನಾಲ್ ಅಂದರೆ ಮದ್ಯಸಾರ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನೋ, ಕಬ್ಬಿನ ಹಾಲನ್ನೋ, ಮೆಕ್ಕೆಜೋಳ, ನುಚ್ಚಕ್ಕಿಯನ್ನೋ ಹುದುಗಿಸಿ, ಭಟ್ಟಿ ಇಳಿಸಿ, ನೀರಿನ ಅಂಶವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದರೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಸಿದ್ಧ. ಬೆರೆಸುವ ಯೋಚನೆ ಹೊಸದೇನಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲೇ, ಪವರ್ ಆಲ್ಕೋಹಾಲ್ ಕಾಯ್ದೆ ಎಂಬುದು ಬಂದಿತ್ತು. ಈಗಿನ ಕಾರ್ಯಕ್ರಮ ಶುರುವಾದದ್ದು 2003ರ ಜನವರಿಯಲ್ಲಿ, ಒಂಬತ್ತು ರಾಜ್ಯ ಮತ್ತು ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ 5ರ ಮಿಶ್ರಣದೊಂದಿಗೆ. ಹಲವು ವರ್ಷ ಅದು ಕುಂಟುತ್ತಲೇ ನಡೆಯಿತು. 2018ರ ಜೈವಿಕ ಇಂಧನ ನೀತಿ 2030ಕ್ಕೆ ಶೇ 20 ಎಂದು ಗುರಿ ಇಟ್ಟಿತು. ಆಮೇಲೆ ಗುರಿಯನ್ನೇ 2025-26ಕ್ಕೆ ಹಿಂದಕ್ಕೆ ಎಳೆದರು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, ಮೊದಲಿಗೆ 84 ಪಂಪುಗಳಲ್ಲಿ. 2025ಕ್ಕೆ ಶೇ 20 ಆಗಿಹೋಯಿತು. ನಮ್ಮ ಪುಣೆಯ ಪಾಲೂ ಇದೆ: 2021ರ ಜೂನ್ 5ರಂದು ಬರೀ ಎಥೆನಾಲ್ ಮಾರುವ ಪ್ರಾಯೋಗಿಕ ಯೋಜನೆ ಶುರುವಾದದ್ದು ಈ ಊರಲ್ಲಿ, ಮೂರು ಪಂಪುಗಳಲ್ಲಿ.

ನನ್ನ ಬೈಕಿನ ಟ್ಯಾಂಕು ಹತ್ತು ಲೀಟರಿನದು. ತುಂಬಿಸಿದರೆ ಅದರಲ್ಲಿ ಎರಡು ಲೀಟರ್ ಎಥೆನಾಲ್. ಕಬ್ಬಿನ ಹಾಲನ್ನೇ ನೇರವಾಗಿ ಹುದುಗಿಸಿದರೆ ಟನ್ನಿಗೆ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ. ಆ ಲೆಕ್ಕದಲ್ಲಿ ಎರಡು ಲೀಟರಿಗೆ ಇಪ್ಪತ್ತೆಂಟು ಕಿಲೋಗಿಂತ ಸ್ವಲ್ಪ ಹೆಚ್ಚು ಕಬ್ಬು ಬೇಕು. ಹೆಗಲ ಮೇಲೆ ಹೊತ್ತು ನಡೆಯಬಹುದಾದ ಒಂದು ಹೊರೆ. ಪ್ರತಿ ಸಲ ಟ್ಯಾಂಕು ತುಂಬಿಸುವಾಗಲೂ ಒಂದು ಹೊರೆ ಕಬ್ಬು ಒಳಗಿಳಿಯುತ್ತದೆ ಅಂದುಕೊಳ್ಳಿ. ಈಚೆಗೆ ಅರ್ಧಕ್ಕಿಂತ ಹೆಚ್ಚು ಎಥೆನಾಲ್ ಕಾಳಿನಿಂದ, ಅದರಲ್ಲೂ ಮೆಕ್ಕೆಜೋಳದಿಂದ ಬರುತ್ತಿದೆ. ಹಾಗಾಗಿ ಒಳಗಿಳಿದದ್ದು ನಮ್ಮಪ್ಪನ ಕಬ್ಬೋ, ದಾವಣಗೆರೆ ಕಡೆಯ ಯಾರದೋ ಮೆಕ್ಕೆಜೋಳವೋ ಹೇಳಲಿಕ್ಕಾಗದು.

ಇನ್ನು ಈ ಎರಡು ಲೀಟರು ಬೈಕಿಗೆ ಏನು ಮಾಡುತ್ತದೆ?

ಮೊದಲು ಎಲ್ಲರೂ ಕೇಳುವ ಮೈಲೇಜಿನ ಮಾತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಶೇ 20 ಬೆರೆಸಿದಾಗ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶಕ್ತಿ ಶೇ 6-7ರಷ್ಟು ಇಳಿಯುತ್ತದೆ. ಆದರೆ ನಾವು 2022ರಿಂದಲೇ ಶೇ 10ರ ಪೆಟ್ರೋಲಿನಲ್ಲಿ ಓಡಿಸುತ್ತಿದ್ದೆವಲ್ಲ, ಈಗ ಹೊಸದಾಗಿ ಕಾಣುವ ಇಳಿಕೆ ಅದರ ಅರ್ಧ. ಸರ್ಕಾರದ ತಜ್ಞರ ಸಮಿತಿ 2021ರ ವರದಿಯಲ್ಲಿ ಹಳೆಯ ಬಗೆಯ ದ್ವಿಚಕ್ರ ವಾಹನಗಳಿಗೆ ಶೇ 3-4ರ ಇಳಿಕೆ ಎಂದೇ ಬರೆದಿತ್ತು. ನನ್ನ ಡೈರಿಯೂ ಅದನ್ನೇ ಹೇಳುತ್ತದೆ. ಟ್ಯಾಂಕು ತುಂಬಿಸಿದಾಗಲೆಲ್ಲ ಕಿಲೋಮೀಟರ್ ಬರೆದಿಡುವುದು ಅಪ್ಪನಿಂದ ಬಂದ ಚಟ. ಲೀಟರಿಗೆ 55 ಕೊಡುತ್ತಿದ್ದದ್ದು ಈಗ 53. ಇಪ್ಪತ್ತು ಮೂವತ್ತು ಪರ್ಸೆಂಟ್ ಬಿದ್ದಿದೆ ಅನ್ನುವವರ ಗಾಡಿಯಲ್ಲಿ ಬೇರೇನೋ ಕೆಟ್ಟಿದೆ, ಅದನ್ನು ಮೊದಲು ತೋರಿಸುವುದು ಒಳ್ಳೆಯದು.

ಎರಡನೆಯದು ಗಾಳಿ-ಪೆಟ್ರೋಲಿನ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಹೊಸ ಫ್ಯೂಯಲ್ ಇಂಜೆಕ್ಷನ್ ಬೈಕುಗಳಲ್ಲಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಅದು ನೋಡಿಕೊಂಡು ಕಂಪ್ಯೂಟರು ತಾನೇ ಸ್ವಲ್ಪ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಹಳೇ ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಅದರ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದಂತಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಡ, ಪಿಕಪ್ಪಿನಲ್ಲಿ ಜರ್ಕು, ಇಂಜಿನ್ ಬಿಸಿ, ಪ್ಲಗ್ಗಿನ ತುದಿ ಬೆಳ್ಳಗೆ. ಈ ಲಕ್ಷಣ ಕಂಡರೆ ಒಳ್ಳೆಯ ಮೆಕ್ಯಾನಿಕ್ ಟ್ಯೂನಿಂಗ್ ಸ್ಕ್ರೂ ತಿರುಗಿಸಿಯೋ, ಒಂದು ಅಳತೆ ದೊಡ್ಡ ಜೆಟ್ ಹಾಕಿಯೋ ಸರಿಮಾಡುತ್ತಾನೆ.

ಮೂರನೆಯದು ರಬ್ಬರು. ಪೆಟ್ರೋಲಿಗೆ ಜಗ್ಗದ ಕೆಲವು ಹಳೇ ಬಗೆಯ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಎಥೆನಾಲಿಗೆ ಊದಿಕೊಳ್ಳುತ್ತವೆ, ಮೆತ್ತಗಾಗುತ್ತವೆ ಅಥವಾ ಬಿರುಕು ಬಿಡುತ್ತವೆ. ಜೊತೆಗೆ ಎಥೆನಾಲ್ ಒಳ್ಳೆಯ ಕ್ಲೀನರ್. ಹದಿನೈದು ವರ್ಷದಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಎಬ್ಬಿಸಿ ತಂದು ಫಿಲ್ಟರಿಗೂ ಜೆಟ್ಟಿಗೂ ತುರುಕುತ್ತದೆ.

ನಾಲ್ಕನೆಯದು ನೀರು. ನನ್ನ ಬೈಕನ್ನು ನಿಲ್ಲಿಸಿದ್ದು ಇದೇ. ಶುದ್ಧ ಪೆಟ್ರೋಲಿಗೂ ನೀರಿಗೂ ಎಣ್ಣೆ-ಸೀಗೇಕಾಯಿ ಸಂಬಂಧ. ನೀರು ಬಿದ್ದರೆ ಟ್ಯಾಂಕಿನ ತಳದಲ್ಲಿ ಕೂರುತ್ತಿತ್ತು. ಪೆಟ್ರೋಲ್ ಎಳೆಯುವ ಕಾಕ್‌ನ ನಳಿಗೆ ತಳದಿಂದ ಸ್ವಲ್ಪ ಮೇಲಿರುವುದರಿಂದ, ಎರಡು ಮೂರು ಚಮಚ ನೀರಿದ್ದರೂ ಗಾಡಿ ಓಡುತ್ತಿತ್ತು. ಎಥೆನಾಲಿಗೆ ಮಾತ್ರ ನೀರೆಂದರೆ ಪ್ರಾಣ. ಸ್ವಲ್ಪ ನೀರು ಬಂದರೆ ಸದ್ದಿಲ್ಲದೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಈ ಮಟ್ಟಿಗೆ ಅದು ಉಪಕಾರಿಯೇ, ಆ ನೀರು ಇಂಜಿನ್ನಿನಲ್ಲಿ ಆವಿಯಾಗಿ ಹೋಗುತ್ತದೆ. ಮಿತಿ ಮೀರಿತೋ, ಪೆಟ್ರೋಲಿನ ಸಹವಾಸ ಬಿಟ್ಟು ನೀರಿನ ಕೈಹಿಡಿದು ಕೆಳಗಿಳಿಯುತ್ತದೆ. ಆಗ ತಳದಲ್ಲಿ ಕೂರುವುದು ಒಂದು ಲೋಟ ನೀರಷ್ಟೇ ಆಗಿರುವುದಿಲ್ಲ, ಅದರ ಜೊತೆ ಲೀಟರುಗಟ್ಟಲೆ ಎಥೆನಾಲ್. ಆ ಪದರ ಕಾಕ್‌ನ ನಳಿಗೆಯನ್ನು ಮುಳುಗಿಸಿ ಕಾರ್ಬುರೇಟರಿಗೆ ಹರಿಯುತ್ತದೆ. ಕಾಕಾ "ಮೊದಲಾಗಿದ್ರ ನಿಲ್ತಿರಲಿಲ್ಲ, ಈಗ ನಿಲ್ತೈತಿ" ಅಂದದ್ದರ ಅರ್ಥ ಇದು. ನೀರು ಬಿಟ್ಟುಕೊಂಡದ್ದು ನನ್ನ ಸೀಳಿದ ವಾಷರು, ಅದನ್ನು ಹತ್ತು ಪಟ್ಟು ಮಾಡಿದ್ದು ಎಥೆನಾಲು.

ಒಳ್ಳೆಯದನ್ನೂ ಹೇಳಬೇಕು. ಎಥೆನಾಲಿನ ಆಕ್ಟೇನ್ ಹೆಚ್ಚು. ಮೊದಲು 91 ಇದ್ದ ಸಾದಾ ಪೆಟ್ರೋಲಿನ ಆಕ್ಟೇನ್ ಇ20ರಲ್ಲಿ 95. ಅದಕ್ಕೆ ಹೊಂದುವಂತೆ ಮಾಡಿದ ಇಂಜಿನ್ ಚೆನ್ನಾಗಿಯೇ ಎಳೆಯುತ್ತದೆ. ಮತ್ತೆ ಹೊಗೆ: ಅದೇ 2021ರ ವರದಿಯ ಪ್ರಕಾರ ದ್ವಿಚಕ್ರ ವಾಹನಗಳ ಕಾರ್ಬನ್ ಮಾನಾಕ್ಸೈಡ್ ಶುದ್ಧ ಪೆಟ್ರೋಲಿಗಿಂತ ಇ20ರಲ್ಲಿ ಅರ್ಧದಷ್ಟಾಗುತ್ತದೆ. ಸಂಜೆ ಏಳಕ್ಕೆ ಸ್ವಾರ್ಗೇಟ್ ಸಿಗ್ನಲ್ಲಿನಲ್ಲಿ ನೂರಾರು ಸ್ಕೂಟರುಗಳ ನಡುವೆ ನಿಂತವರಿಗೆ ಇದು ಸಣ್ಣ ಮಾತಲ್ಲ.

ಈಗ ನಿಮ್ಮ ಬೈಕು ಯಾವ ಕಾಲದ್ದು ನೋಡಿಕೊಳ್ಳಿ. 2023ರ ಏಪ್ರಿಲ್ ನಂತರ ತಯಾರಾದದ್ದಾದರೆ ಅದರ ರಬ್ಬರ್, ಲೋಹದ ಭಾಗಗಳು ಇ20 ತಾಳುವಂಥವು. 2025ರ ಏಪ್ರಿಲ್ ನಂತರದ್ದಾದರೆ ಇಂಜಿನ್ನಿನ ಹೊಂದಾಣಿಕೆಯೂ ಇ20ಕ್ಕೇ. ನೀವು ನಿಶ್ಚಿಂತೆ. 2020ರ ಏಪ್ರಿಲಿನ ಬಿಎಸ್6 ನಿಯಮದಿಂದ 2023ರವರೆಗಿನವು ನಡುವಿನ ತಲೆಮಾರು. ಹೆಚ್ಚಿನವು ಇಂಜೆಕ್ಷನ್ ಬೈಕುಗಳಾದ್ದರಿಂದ ಓಡಾಟಕ್ಕೆ ಅಡ್ಡಿಯಿಲ್ಲ, ಭಾಗಗಳ ಬಗ್ಗೆ ಮಾಲೀಕರ ಕೈಪಿಡಿ ತೆರೆದು ನೋಡಿ ಅಥವಾ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಅದಕ್ಕೂ ಹಿಂದಿನ ಕಾರ್ಬುರೇಟರ್ ಗಾಡಿ, ಅಂದರೆ ನನ್ನಂಥವರ ಗಾಡಿಗಳಿಗೆ ಕೆಳಗಿನ ಜಾಗ್ರತೆ ಬೇಕು. ಇದೆಲ್ಲ ಕಾಕಾನ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಕಲಿತದ್ದು.

ಊರಿಗೆ ಹೋಗುವಾಗ, ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ, ಟ್ಯಾಂಕು ತುಂಬಿಸಿಡಿ. ಖಾಲಿ ಜಾಗ ಕಡಿಮೆಯಾದಷ್ಟೂ ತೇವ, ತುಕ್ಕು ಕಡಿಮೆ. ಕಾಕ್ ಬಂದ್ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ, ಬೌಲಿನಲ್ಲಿರುವುದು ಖಾಲಿಯಾಗುತ್ತದೆ. ಬೈಕನ್ನು ಮಳೆಗೆ ಬಿಡಬೇಡಿ. ಮುಚ್ಚಳದ ವಾಷರ್ ಬೆರಳಿನಿಂದ ಮುಟ್ಟಿ ನೋಡಿ, ಅದರ ಸುತ್ತ ನೀರು ಹೊರಹೋಗುವ ಸಣ್ಣ ತೂತು ಇದ್ದರೆ ಮಣ್ಣು ಕಟ್ಟಿದೆಯೇ ನೋಡಿ. ಪೆಟ್ರೋಲ್ ಪೈಪನ್ನು ಒತ್ತಿ ನೋಡಿ. ಕಟ್ಟಿಗೆಯ ಹಾಗೆ ಗಟ್ಟಿಯಾಗಿದ್ದರೂ ತಪ್ಪು, ಬೆರಳಿಗೆ ಅಂಟಿದರೂ ತಪ್ಪು. ಹೊಸದನ್ನು ತರುವಾಗ ಇ20ಕ್ಕೆ ನಡೆಯುವಂಥದ್ದೇ ಬೇಕೆಂದು ಕೇಳಿ ತನ್ನಿ. ಫಿಲ್ಟರ್ ಬದಲಿಸಿ ವರ್ಷವಾಗಿದ್ದರೆ ಬದಲಿಸಿ. ಇಂಜೆಕ್ಷನ್ ಬೈಕಿನವರು ಟ್ಯಾಂಕಿನ ತಳ ಕಾಣುವವರೆಗೆ ಓಡಿಸಬೇಡಿ, ಒಳಗಿನ ಪಂಪು ಪೆಟ್ರೋಲಿನಲ್ಲಿ ಮುಳುಗಿದ್ದರೇ ತಣ್ಣಗಿರುತ್ತದೆ. ನೀರು ಬೇರ್ಪಟ್ಟು ಕೆಳಗಿಳಿದ ಮೇಲೆ ಗಾಡಿ ಅಲ್ಲಾಡಿಸಿ ಉಪಯೋಗವಿಲ್ಲ, ಯಾವುದೋ ಬಾಟಲಿಯ ದ್ರವ ಸುರಿದೂ ಉಪಯೋಗವಿಲ್ಲ. ಮೆಕ್ಯಾನಿಕ್ಕಿನ ಕೈಯಲ್ಲಿ ಇಳಿಸಬೇಕು, ಅಷ್ಟೇ. ಚರಂಡಿಗೆ ಮಾತ್ರ ಸುರಿಯಬೇಡಿ.

ವಾಟ್ಸ್ಯಾಪಿನಲ್ಲಿ ಬರುವ ಒಂದು ವಿಡಿಯೋ ನೀವೂ ನೋಡಿರುತ್ತೀರಿ. ಬಾಟಲಿಯಲ್ಲಿ ಪೆಟ್ರೋಲ್, ಅದಕ್ಕೆ ಸ್ವಲ್ಪ ನೀರು, ಚೆನ್ನಾಗಿ ಕುಲುಕಿ ಇಟ್ಟರೆ ತಳದ ನೀರು ಬೆಳೆದು ದುಪ್ಪಟ್ಟು ಮೂರು ಪಟ್ಟು ಆಗುತ್ತದೆ. "ನೋಡಿ, ಪಂಪಿನವನು ನೀರು ಬೆರೆಸಿದ್ದಾನೆ" ಎಂದು ಹಿನ್ನೆಲೆಯ ದನಿ. ಹಾಗೆ ಬೆಳೆದದ್ದು ನೀರಲ್ಲ, ನೀರು ಹುಡುಕಿಕೊಂಡು ಕೆಳಗಿಳಿದ ಎಥೆನಾಲ್. ಎಥೆನಾಲ್ ಎಷ್ಟಿದೆ ಎಂದು ಅಳೆಯುವ ಸರಳ ವಿಧಾನವೇ ಇದು. ಇ20 ಹಾಕಿದರೆ ವಿಮೆ ಸಿಗದು ಎಂಬುದು ಇನ್ನೊಂದು ಸುದ್ದಿ, ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಅದನ್ನು ಅಲ್ಲಗಳೆದಿದೆ.

ಹಾಗೆಂದು ಏನೂ ಆಗುವುದಿಲ್ಲ ಅನ್ನುವವರ ಮಾತನ್ನೂ ನಂಬಬೇಕಾಗಿಲ್ಲ. ಅದೇ ಸಚಿವಾಲಯ ಅದೇ ತಿಂಗಳು, ಕೆಲವು ಹಳೇ ವಾಹನಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರಿಗೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ, ಮಾಮೂಲಿ ಸರ್ವಿಸ್‌ನಲ್ಲಿ ಆಗುವ ಕೆಲಸ ಎಂದಿತು. ದುಬಾರಿಯಲ್ಲ ನಿಜ. ಯಾರಿಗೆ ಎಂಬುದಷ್ಟೇ ನನ್ನ ಪ್ರಶ್ನೆ.

ನನ್ನ ಮನೆಗೆ ಊಟ ತರುವ ಹುಡುಗನೊಬ್ಬನಿದ್ದಾನೆ, ಕಲಬುರಗಿ ಕಡೆಯವನು. ದಿನಕ್ಕೆ 120 ಕಿಲೋಮೀಟರ್, ತಿಂಗಳಿಗೆ 26 ದಿನ. ಗಾಡಿ ನನ್ನದರಂಥದೇ. ಲೀಟರಿಗೆ 55ರ ಬದಲು 53 ಕೊಟ್ಟರೆ ಅವನಿಗೆ ತಿಂಗಳಿಗೆ ಎರಡು ಲೀಟರಿಗೂ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಇಲ್ಲಿನ ದರದಲ್ಲಿ ಇನ್ನೂರು ಇನ್ನೂರಿಪ್ಪತ್ತು ರೂಪಾಯಿ. ಮೂವತ್ತು ಸಾವಿರ ಕಿಲೋಮೀಟರ್ ಅಂದರೆ ನನಗೆ ಎರಡು ವರ್ಷಕ್ಕೂ ಹೆಚ್ಚು, ಅವನಿಗೆ ಹತ್ತು ತಿಂಗಳೂ ಇಲ್ಲ. ದೇಶಕ್ಕೆ ಕಚ್ಚಾತೈಲದ ಆಮದು ಉಳಿಯುತ್ತದೆ, ಅದು ದೊಡ್ಡ ಲಾಭವೇ. ಆದರೆ ಆ ಲಾಭದ ಸಣ್ಣ ಕಂತು ಇಂಥ ಹುಡುಗರ ಜೇಬಿನಿಂದ ಹೋಗುತ್ತಿದೆ, ರಸೀದಿ ಇಲ್ಲದೆ.

ಈ ಮಾತು 2021ರ ವರದಿ ಬರೆದವರಿಗೂ ಗೊತ್ತಿತ್ತು. ಶಕ್ತಿ ಕಡಿಮೆಯಿರುವುದರಿಂದ ಮಿಶ್ರಣದ ಪೆಟ್ರೋಲಿನ ಬೆಲೆ ಸಾದಾ ಪೆಟ್ರೋಲಿಗಿಂತ ಕಡಿಮೆ ಇರಬೇಕು ಎಂದು ಅವರೇ ಶಿಫಾರಸು ಮಾಡಿದ್ದರು. ಹಳೇ ವಾಹನಗಳಿಗೆ ಕಡಿಮೆ ಮಿಶ್ರಣದ ಪೆಟ್ರೋಲೂ ಸಿಗುತ್ತಿರಬೇಕು ಎಂದಿದ್ದರು. ಎರಡೂ ಆಗಲಿಲ್ಲ. ಆಗ ಎಥೆನಾಲ್ ಅಗ್ಗವಿತ್ತು. ಈಗ ತೈಲ ಕಂಪನಿಗಳು ಅದನ್ನು ಕೊಳ್ಳುವ ಸರಾಸರಿ ಬೆಲೆಯೇ ಲೀಟರಿಗೆ 71 ರೂಪಾಯಿ ದಾಟಿದೆ, ತೆರಿಗೆಗೆ ಮುಂಚಿನ ಪೆಟ್ರೋಲಿಗಿಂತ ದುಬಾರಿ ಎಂಬುದು ಸರ್ಕಾರದ ಉತ್ತರ. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಮಾರಬೇಕು, ಪಂಪಿನ ಮೇಲೆ ಎಷ್ಟು ಮಿಶ್ರಣ ಎಂದು ಬರೆಯಬೇಕು ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಬ್ರೆಜಿಲ್ಲನ್ನು ಎಲ್ಲರೂ ಉದಾಹರಿಸುತ್ತಾರೆ. 1975ರಲ್ಲೇ ಶುರುಮಾಡಿದವರು ಅವರು, ಅವರ ಪೆಟ್ರೋಲಿನಲ್ಲಿ ಈಗ ಶೇ 30 ಎಥೆನಾಲ್. ಆದರೆ ಎರಡನ್ನೂ ಯಾವ ಪ್ರಮಾಣದಲ್ಲಾದರೂ ಕುಡಿಯುವ ಮೋಟಾರ್‌ಸೈಕಲ್ ಅಲ್ಲಿ 2009ರಲ್ಲೇ ಮಾರುಕಟ್ಟೆಗೆ ಬಂತು. ಪಂಪಿನಲ್ಲಿ ಬರೀ ಎಥೆನಾಲೂ ಸಿಗುತ್ತದೆ, ಪೆಟ್ರೋಲೂ ಸಿಗುತ್ತದೆ, ಎರಡರ ದರವನ್ನೂ ಬರೆದಿರುತ್ತಾರೆ. ಎಥೆನಾಲಿನ ದರ ಪೆಟ್ರೋಲಿನ ದರದ ಶೇ 70ಕ್ಕಿಂತ ಕಡಿಮೆ ಇದ್ದರೆ ಅದನ್ನು ಹಾಕಿಸುವುದು ಲಾಭ ಎಂಬುದು ಅಲ್ಲಿನ ಸವಾರರಿಗೆ ಬಾಯಿಪಾಠ. ನಮ್ಮಲ್ಲಿ ಲೆಕ್ಕ ಹಾಕಲು ಆಯ್ಕೆಯೇ ಇಲ್ಲ.

ಇಷ್ಟನ್ನೂ ದೀಪಾವಳಿಯ ಮರುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: "ನೀ ಹೇಳೂದು ಖರೇ. ಆದ್ರ ಒಂದು ಕೇಳು. ಮೊದಲ ಕಬ್ಬು ಕಳಿಸಿ ಬಿಲ್ಲಿಗಂತ ವರ್ಷಗಟ್ಟಲೆ ಕಾರ್ಖಾನಿ ಬಾಗಲಾ ಕಾಯ್ತಿದ್ವಿ. ನಿನ್ನ ಕಾಲೇಜ್ ಫೀ ಕಟ್ಟೂಮುಂದ ಬಡ್ಡಿಗೆ ತಂದಿದ್ದು ನೆನಪೈತಿಲ್ಲ? ಈಗ ಅಷ್ಟು ತಡಾ ಆಗೂದಿಲ್ಲ."

ನೆನಪಿತ್ತು. ಸಕ್ಕರೆ ಮಾರಿ ದುಡ್ಡಾಗಲು ತಿಂಗಳುಗಟ್ಟಲೆ ಬೇಕು, ಎಥೆನಾಲಿಗೆ ತೈಲ ಕಂಪನಿಗಳು ಮೂರು ವಾರದ ಆಸುಪಾಸಿನಲ್ಲಿ ಹಣ ಕೊಡುತ್ತವೆ. ಕಾರ್ಖಾನೆಯ ಕೈಯಲ್ಲಿ ದುಡ್ಡು ಓಡಾಡಿದರೆ ಬಾಕಿ ಬೇಗ ತೀರುತ್ತದೆ. ಆದರೆ ದರದ ಮಾತು ಬೇರೆ. ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತಿದ್ದರು. ಕೊನೆಗೆ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಎಥೆನಾಲ್ ಖರೀದಿಯ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಕಡಿಮೆ ಸಿಕ್ಕಿದೆ ಎಂಬುದು ರಾಜ್ಯದ ದೂರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅಪ್ಪನೂ ಒಂದು ದಿನ ಅಲ್ಲಿ ಹೋಗಿ ಕೂತು ಬಂದಿದ್ದರು. "ಎಥೆನಾಲಿನಾಗ ನಿಮಗ ಎಷ್ಟು ಸಿಕ್ತು?" ಅಂತ ಕೇಳಿದೆ. "ಅದು ಕಾರ್ಖಾನಿಯವರಿಗೆ ಗೊತ್ತು. ನಮಗ ಕಬ್ಬಿನ ತೂಕ ಅಷ್ಟ ಗೊತ್ತು" ಅಂದರು.

ಇನ್ನೊಂದು ಲೆಕ್ಕ ನಾನು ಅಪ್ಪನಿಗೆ ಹೇಳಲಿಲ್ಲ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕೆಂದು ಅದೇ 2021ರ ವರದಿ ಹೇಳುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಬಂಡೆ ಕಾಣುವುದನ್ನು ನನಗಿಂತ ಹೆಚ್ಚು ಸಲ ಕಂಡವರು ಅವರು. ಅವರಿಗೆ ಹೇಳಲು ನಾನ್ಯಾರು?

ಹೀಗೆ ನನ್ನ ಒಂಬೈನೂರು ರೂಪಾಯಿಯೂ ಅಪ್ಪನ ಬಿಲ್ಲೂ ಒಂದೇ ಖಾತೆಯ ಎರಡು ಪುಟ. ಒಂದು ಪುಟ ಮಾತ್ರ ಓದಿ ಎಥೆನಾಲನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕಬ್ಬು ಬೆಳೆದವನಿಗೂ, ಅದನ್ನು ಟ್ಯಾಂಕಿಗೆ ಹಾಕಿಸಿಕೊಂಡವನಿಗೂ ಲೆಕ್ಕ ತೋರಿಸಬೇಕು ಎಂದು ಕೇಳಲು ಮಾತ್ರ ಸಂಕೋಚವಿಲ್ಲ. ಪಂಪಿನ ಮೇಲೆ ಎಷ್ಟು ಮಿಶ್ರಣವೆಂದು ನಮ್ಮ ಭಾಷೆಗಳಲ್ಲಿ ದೊಡ್ಡದಾಗಿ ಬರೆದಿರಲಿ. ಹಳೇ ಗಾಡಿಯವರಿಗೆ ಯಾವ ಭಾಗ ಬದಲಿಸಬೇಕೆಂದು ಕಂಪನಿಗಳು ಮಾದರಿವಾರು ಹೇಳಲಿ. ಮೈಲೇಜು ಇಳಿದಷ್ಟು ದರವೂ ಇಳಿಯಲಿ. ಇದು ದೊಡ್ಡ ಬೇಡಿಕೆಯಲ್ಲ, ವರದಿಯಲ್ಲಿ ಬಹುಪಾಲು ಬರೆದಿಟ್ಟದ್ದೇ.

ಬೈಕು ಈಗ ಚೆನ್ನಾಗಿ ಓಡುತ್ತಿದೆ. ಕಾಕಾ ಜೆಟ್ ಬದಲಿಸಿದ ಮೇಲೆ ಜರ್ಕು ಹೋಯಿತು, ಮೈಲೇಜು ಅದೇ 53. ಮೊನ್ನೆ ಅಪ್ಪ ಫೋನ್ ಮಾಡಿದ್ದರು, ಮೊದಲ ಕಂತಿನ ಬಿಲ್ಲು ಜಮಾ ಆಯಿತಂತೆ. ಇಡುವ ಮುಂಚೆ, "ಸಂಕ್ರಾಂತಿಗೆ ಊರಿಗೆ ಬರೂಮುಂದ ಗಾಡಿ ಟ್ಯಾಂಕು ಫುಲ್ ಮಾಡಿ, ಕಾಕ್ ಬಂದ್ ಮಾಡಿ ಬಾ" ಅಂದರು.

"ಕಾಕ್ ಬಂದ್ ಮಾಡ್ತೀನಿ. ಫುಲ್ ಯಾಕ ಅಪ್ಪಾ, ನಿಮ್ಮ ಬಿಲ್ಲಿಗೇನು?"

ಈ ಸಲ ಅಪ್ಪ ನಕ್ಕರು.